ಮೋಟಾರ್ ಸೈಕಲ್ಲಿನ ನಂಬಿಕೆ ಮತ್ತು ವರ್ಷಕ್ಕೊಂದು ಪರೀಕ್ಷೆ

ಯಂತ್ರವೊಂದನ್ನು ನಂಬಬಹುದೆಂದು ನಾವು ಹೇಳುವಾಗ ಅದು ತಪ್ಪದೆ ನಡೆಯುತ್ತದೆ ಎಂಬಷ್ಟನ್ನೇ ಸಾಮಾನ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಗಡಿಯಾರವು ನಿಲ್ಲದಿದ್ದರೆ, ನೀರೆತ್ತುವ ಪಂಪು ಬೇಸಗೆಯಲ್ಲಿ ಕೈಕೊಡದಿದ್ದರೆ, ಅವು ನಂಬಿಕೆಗೆ ಅರ್ಹವಾದುವು. ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಈ ಅಳತೆಯು ಅರ್ಧ ಮಾತ್ರ ಸರಿ. ನಡೆಯಬೇಕಾದಾಗ ನಡೆಯುವುದು ಅದರ ಒಂದು ಗುಣ. ನಿಲ್ಲಬೇಕಾದಾಗ ನಿಲ್ಲುವುದು, ತಿರುಗಿಸಿದ ಕಡೆಗೆ ತಿರುಗುವುದು, ಕತ್ತಲಲ್ಲಿ ಪರರ ಕಣ್ಣಿಗೆ ಕಾಣಿಸುವುದು ಇನ್ನೊಂದು ಗುಣ. ಮೊದಲನೆಯದು ಕೆಟ್ಟರೆ ಸವಾರನು ದಾರಿಯಲ್ಲಿ ಉಳಿದು ಮನೆಗೆ ತಡವಾಗಿ ಬರುತ್ತಾನೆ. ಎರಡನೆಯದು ಕೆಟ್ಟರೆ ಮನೆಗೆ ಬರುವುದೇ ಸಂದೇಹ. ಹೀಗಿದ್ದರೂ ಜನರ ಎಚ್ಚರವೆಲ್ಲ ಮೊದಲನೆಯ ಗುಣದ ಮೇಲೆಯೇ ಇರುವುದೇಕೆ, ಎರಡನೆಯದನ್ನು ಪರೀಕ್ಷಿಸುವ ಬಗೆ ಹೇಗೆ, ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ವಿಚಾರಕ್ಕೆ ಒಂದು ಸೀಮೆಯನ್ನು ಆರಿಸಿಕೊಂಡರೆ ಮಾತು ಸ್ಪಷ್ಟವಾದೀತು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಕೃಷ್ಣಾ ನದಿಯೂ ಅದನ್ನು ಕೂಡುವ ದೂಧಗಂಗಾ ವೇದಗಂಗಾ ನದಿಗಳೂ ಈ ಸೀಮೆಗೆ ನೀರನ್ನೂ ಎರೆಮಣ್ಣನ್ನೂ ಕೊಟ್ಟಿವೆ. ಕಬ್ಬು ಇಲ್ಲಿನ ಮುಖ್ಯ ಬೆಳೆ. ನಿಪ್ಪಾಣಿಯು ತಂಬಾಕಿನ ಪೇಟೆಯೆಂದು ಹಿಂದಿನಿಂದಲೂ ಪ್ರಸಿದ್ಧವಾದುದು. ಕೃಷ್ಣೆಯ ದಡದ ಉಗಾರ ಮೊದಲುಗೊಂಡು ಹಲವು ಕಡೆ ಸಕ್ಕರೆಯ ಕಾರ್ಖಾನೆಗಳಿವೆ. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳು ಗಡಿಗೆ ಹೊಂದಿಕೊಂಡಿರುವುದರಿಂದ ವ್ಯಾಪಾರ, ವಿದ್ಯಾಭ್ಯಾಸ, ನೆಂಟಸ್ತನಗಳಿಗೆ ಜನರು ದಿನವೂ ಗಡಿಯನ್ನು ದಾಟುತ್ತಾರೆ. ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ನಿಪ್ಪಾಣಿಯ ಮೇಲೆ ಹಾದು ತವಂದಿಯ ಘಟ್ಟವನ್ನೇರುತ್ತದೆ. ಉಳಿದ ದಾರಿಗಳು ಬಹುಮಟ್ಟಿಗೆ ಹೊಲಗಳ ನಡುವಿನ ಕಿರಿದಾದ ದಾರಿಗಳು. ಈ ದಾರಿಗಳ ಮೇಲೆ ಒಕ್ಕಲಿಗನಿಗೆ ಎತ್ತಿಗೆ ಸಮನಾದ ಸಂಗಾತಿಯೆಂದರೆ ಮೋಟಾರ್ ಸೈಕಲ್ಲು. ಬೆಳಗಿನ ಹೊತ್ತು ಎರಡು ಪಕ್ಕಗಳಲ್ಲಿ ಹಾಲಿನ ಕ್ಯಾನುಗಳನ್ನು ತೂಗಿಕೊಂಡು ಡೇರಿಗೆ ಹೋಗುವುದೂ, ಮಧ್ಯಾಹ್ನ ಮೇವಿನ ಹೊರೆ ಹೊರುವುದೂ, ಸಂಜೆ ಹೆಂಡತಿ ಮಕ್ಕಳನ್ನು ಸಂತೆಗೆ ಕರೆದೊಯ್ಯುವುದೂ ಅದೇ.

ಇಂಥ ವಾಹನವನ್ನು ಸರಕಾರವು ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸುತ್ತದೆ? 1988ರ ಮೋಟಾರು ವಾಹನಗಳ ಕಾಯಿದೆಯ 41ನೆಯ ಪ್ರಕರಣದ ಮೇರೆಗೆ, ಬಾಡಿಗೆಗಲ್ಲದ ಸ್ವಂತದ ವಾಹನದ ನೋಂದಣಿಯು 15 ವರ್ಷಗಳ ವರೆಗೆ ಊರ್ಜಿತವಾಗಿರುತ್ತದೆ. ಆ ಅವಧಿ ಮುಗಿದ ಮೇಲೆ ವಾಹನವನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ, ಅದು ರಸ್ತೆಗೆ ತಕ್ಕುದೆಂದು ಅಧಿಕಾರಿಯು ಒಪ್ಪಿದರೆ, ನೋಂದಣಿಯನ್ನು ಮತ್ತೆ 5 ವರ್ಷಗಳಿಗೆ ಮುಂದುವರಿಸುತ್ತಾರೆ. ಈ ಸೀಮೆಯ ವಾಹನಗಳ ಮೇಲೆ ಹೆಚ್ಚಾಗಿ ಕಾಣುವ ಕೆ.ಎ. 23 ಎಂಬ ಗುರುತು ಚಿಕ್ಕೋಡಿಯ ಸಾರಿಗೆ ಕಚೇರಿಯದು. ಬಾಡಿಗೆಯ ವಾಹನಗಳಿಗೆ ಮಾತ್ರ 56ನೆಯ ಪ್ರಕರಣದ ಪ್ರಕಾರ ಅರ್ಹತಾ ಪತ್ರವು ಬೇಕು. ಅದನ್ನು ಕಾಲಕಾಲಕ್ಕೆ ಹೊಸದುಮಾಡಿಸಿಕೊಳ್ಳಬೇಕು. ಎಂದರೆ, 2010ರಲ್ಲಿ ಕೊಂಡ ಸ್ವಂತದ ಮೋಟಾರ್ ಸೈಕಲ್ಲನ್ನು ಅಧಿಕಾರಿಯು ಕಟ್ಟುನಿಟ್ಟಾಗಿ ನೋಡುವುದು 2025ರಲ್ಲಿ. ಆ ವರ್ಷ ಮನೆಯಲ್ಲಿ ಹುಟ್ಟಿದ ಕೂಸು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿರುತ್ತದೆ. ನಡುವಣ 15 ವರ್ಷಗಳಲ್ಲಿ ಆ ವಾಹನದ ಪರೀಕ್ಷಕನು ಯಾರು? ಅದರ ಒಡೆಯನೇ. ಈ ಅಧಿಕಾರವು ತನಗಿದೆಯೆಂಬುದನ್ನು ಅವನು ಸಾಮಾನ್ಯವಾಗಿ ಅರಿತಿರುವುದಿಲ್ಲ.

ಹೊಗೆಯ ಪರೀಕ್ಷೆಯ ಚೀಟಿ ಇದೆಯಲ್ಲಾ ಎಂದು ಕೆಲವರು ಕೇಳಬಹುದು. ಅದು ಇದೆ, ಹಳೆಯ ವಾಹನಗಳಿಗೆ ಆರು ತಿಂಗಳಿಗೊಮ್ಮೆ, ಭಾರತ್ ಸ್ಟೇಜ್ 4 ಮತ್ತು ಅದರ ನಂತರದ ಮಾನಗಳಿಗೆ ಒಳಪಟ್ಟ ವಾಹನಗಳಿಗೆ ವರ್ಷಕ್ಕೊಮ್ಮೆ ಅದನ್ನು ಪಡೆಯತಕ್ಕದ್ದು. ಆದರೆ ಆ ಪರೀಕ್ಷೆಯಲ್ಲಿ ಸೈಲೆನ್ಸರಿನ ಕೊಳವೆಗೆ ಸಲಾಕೆಯನ್ನಿಟ್ಟು ಹೊಗೆಯಲ್ಲಿರುವ ವಿಷವಾಯುವನ್ನು ಅಳೆಯುತ್ತಾರೆಯೇ ಹೊರತು ಬ್ರೇಕನ್ನು ಹಿಡಿದು ನೋಡುವುದಿಲ್ಲ, ಟೈರಿನ ಮೇಲೆ ಬೆರಳಾಡಿಸುವುದಿಲ್ಲ. ಉಸಿರು ಶುದ್ಧವಾಗಿದ್ದ ಮಾತ್ರಕ್ಕೆ ಕೈಕಾಲುಗಳು ಗಟ್ಟಿಯಾಗಿವೆಯೆಂದು ಹೇಳಲಾಗದಷ್ಟೆ.

ಬ್ರಿಟನ್ನಿನಲ್ಲಿ ಬೇರೆ ಪದ್ಧತಿಯಿದೆ. ಅಲ್ಲಿ 1960ರಲ್ಲಿ ಎಂ.ಓ.ಟಿ. ಎಂದು ಕರೆಯುವ ಪರೀಕ್ಷೆಯು ಆರಂಭವಾಯಿತು. ಮೊದಲು ಹತ್ತು ವರ್ಷ ದಾಟಿದ ವಾಹನಗಳಿಗಿದ್ದ ಆ ನಿಯಮವನ್ನು 1967ರಲ್ಲಿ ಮೂರು ವರ್ಷಕ್ಕೆ ಇಳಿಸಿದರು. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸುಗಳಲ್ಲಿ ಮೂರು ವರ್ಷ ತುಂಬಿದ ಮೋಟಾರ್ ಸೈಕಲ್ಲು ಆಮೇಲೆ ಪ್ರತಿವರ್ಷವೂ ಈ ಪರೀಕ್ಷೆಯನ್ನು ಕೊಡಬೇಕು. ಅಲ್ಲಿ ತಪ್ಪಿಬೀಳುವ ಮೋಟಾರ್ ಸೈಕಲ್ಲುಗಳ ದೋಷಗಳನ್ನು ನೋಡಿದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ದೀಪ ಮತ್ತು ಸಂಜ್ಞೆಗಳ ದೋಷ. ಉಳಿದವುಗಳಲ್ಲಿ ಬ್ರೇಕು, ಟೈರು, ಹ್ಯಾಂಡಲು, ಷಾಕ್ ಅಬ್ಸಾರ್ಬರುಗಳ ದೋಷಗಳು ಮುಖ್ಯವಾದುವು. ಎಂಜಿನ್ನಿನ ಶಕ್ತಿ ಕುಂದಿತೆಂಬುದು ಆ ಪರೀಕ್ಷೆಯ ವಿಷಯವೇ ಅಲ್ಲ. ಕಾರಣವು ಸ್ಪಷ್ಟ: ಎಂಜಿನ್ನು ಕೆಟ್ಟರೆ ವಾಹನವು ತಾನೇ ನಿಂತು ದೂರು ಹೇಳುತ್ತದೆ, ಬ್ರೇಕು ಕೆಟ್ಟರೆ ನಿಲ್ಲದೆ ಹೋಗಿ ಹೇಳುತ್ತದೆ. ಮೊದಲನೆಯ ದೂರನ್ನು ಕೇಳಲು ಒಡೆಯನು ಇರುತ್ತಾನೆ. ಎರಡನೆಯದನ್ನು ಕೇಳಲು ಮನೆಯವರು ಮಾತ್ರ ಉಳಿಯುವುದುಂಟು.

ಈ ದೋಷಗಳನ್ನು ಒಂದೊಂದಾಗಿ ನಮ್ಮ ಐದು ತಾಲೂಕುಗಳ ದಾರಿಗೆ ತಂದು ನೋಡೋಣ. ಮೊದಲು ದೀಪ. ಕಬ್ಬು ನುರಿಸುವ ಹಂಗಾಮು ಮಳೆಗಾಲ ಕಳೆದ ಮೇಲೆ ಆರಂಭವಾಗಿ ಚಳಿಗಾಲವಿಡೀ ನಡೆಯುತ್ತದೆ. ಆಗ ಹಗಲು ಕಿರಿದು, ರಾತ್ರಿ ದೀರ್ಘ; ಬೆಳಗಿನ ಜಾವದಲ್ಲಿ ನದಿಯ ಬಯಲಿನ ಮೇಲೆ ಮಂಜು. ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳೂ ಎತ್ತಿನ ಗಾಡಿಗಳೂ ಕಬ್ಬನ್ನು ಹೇರಿಕೊಂಡು ಕಾರ್ಖಾನೆಯ ಕಡೆಗೆ ಸಾಲಾಗಿ ಸಾಗುತ್ತವೆ. ಹೇರಿದ ಕಬ್ಬು ಹಿಂದಕ್ಕೆ ಚಾಚಿ ಜೋತುಬಿದ್ದು, ಟ್ರೇಲರಿಗೆ ಕೆಂಪು ದೀಪವಿದ್ದರೂ ಅದನ್ನು ಮುಚ್ಚಿಬಿಡುತ್ತದೆ. ಹಿಂದಿನಿಂದ ಬರುವ ಮೋಟಾರ್ ಸೈಕಲ್ ಸವಾರನಿಗೆ ತನ್ನ ಮುಂದಿನ ದೀಪವೊಂದೇ ಗತಿ. 2017ರ ಏಪ್ರಿಲಿನಿಂದ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ನು ನಡೆಯುವಾಗ ಮುಂದಿನ ದೀಪವು ತಾನಾಗಿ ಉರಿಯುತ್ತಿರಬೇಕೆಂಬ ನಿಯಮವಿದೆ. ಆದರೆ ಉರಿಯುವುದು ಬೇರೆ, ದಾರಿಯನ್ನು ತೋರುವುದು ಬೇರೆ. ಹಿಂದುಗಡೆ ಹಾಲಿನ ಕ್ಯಾನುಗಳನ್ನೋ ಇಬ್ಬರು ಸವಾರರನ್ನೋ ಹೇರಿದಾಗ ವಾಹನದ ಹಿಂಭಾಗ ಕುಗ್ಗಿ ಮುಂಭಾಗ ಎದ್ದು, ದೀಪದ ಬೆಳಕು ದಾರಿಯನ್ನು ಬಿಟ್ಟು ಎದುರಿಗೆ ಬರುವವನ ಕಣ್ಣಿಗೆ ಹೊಡೆಯುತ್ತದೆ. ಆದುದರಿಂದ ದಿನವೂ ಹೊರುವ ಹೊರೆಯನ್ನು ಹೇರಿಯೇ ದೀಪದ ಓರೆಯನ್ನು ಗೋಡೆಯ ಮೇಲೆ ನೋಡಿ ಸರಿಪಡಿಸತಕ್ಕದ್ದು.

ಹಿಂದಿನ ಕೆಂಪು ದೀಪದ ವಿಷಯದಲ್ಲಿ ಒಂದು ವಿಚಿತ್ರವುಂಟು. ದಾರಿಯಲ್ಲಿರುವವರ ಪೈಕಿ ಅದನ್ನು ನೋಡಲಾರದವನು ಸವಾರನೊಬ್ಬನೇ. ಅದು ಆರಿ ತಿಂಗಳಾದರೂ ಅವನಿಗೆ ತಿಳಿಯದು. ಹಿಂದೆ ಬರುವ ಲಾರಿಯವನಿಗೆ ತಿಳಿಯುವಷ್ಟರಲ್ಲಿ ಕಾಲ ಮೀರಿರಬಹುದು. ಬ್ರೇಕು ಹಿಡಿದಾಗ ಬೆಳಗುವ ದೀಪಕ್ಕೆ ಮುಂದಿನ ಹಿಡಿಯಲ್ಲೊಂದು, ಹಿಂದಿನ ಪೆಡಲಿನಲ್ಲೊಂದು ಸಣ್ಣ ಸ್ವಿಚ್ಚು ಇರುತ್ತದೆ. ಕೆಸರು ಸೇರಿ ಇವುಗಳಲ್ಲಿ ಒಂದು ಕೆಟ್ಟರೂ ಇನ್ನೊಂದರಿಂದ ದೀಪ ಬೆಳಗುವುದರಿಂದ ದೋಷವು ಮರೆಯಾಗಿ ಉಳಿಯುತ್ತದೆ. ಮನೆಯ ಗೋಡೆಗೆ ಬೆನ್ನುಮಾಡಿ ವಾಹನವನ್ನು ನಿಲ್ಲಿಸಿ, ಸಂಜೆಯಲ್ಲಿ ಎರಡು ಬ್ರೇಕುಗಳನ್ನೂ ಬೇರೆ ಬೇರೆಯಾಗಿ ಹಿಡಿದು, ಗೋಡೆ ಕೆಂಪಾಗುವುದೋ ಎಂದು ತಿರುಗಿ ನೋಡಿದರೆ ಸಾಕು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಎರಡನೆಯದು ಬ್ರೇಕು. ಇದರ ಮಹತ್ವವನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯವನ್ನು ಕಂಡು ಕೈಯು ಹಿಡಿಯ ಮೇಲೆ ಬಿಗಿಯುವುದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಇಟ್ಟುಕೊಂಡರೆ, ಅಷ್ಟರಲ್ಲಿಯೇ 17 ಮೀಟರ್ ಕಳೆದುಹೋಯಿತು. ಒಣಗಿದ ದಾರಿಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 6 ಮೀಟರಿನಂತೆ ತಗ್ಗಿಸಿದರೆ ಇನ್ನೂ 23 ಮೀಟರ್ ಹೋಗಿ, ಒಟ್ಟು 40 ಮೀಟರಿನಲ್ಲಿ ವಾಹನ ನಿಲ್ಲುತ್ತದೆ. ಸವೆದ ಬ್ರೇಕಿನ ಬಲವು ಇದರ ಅರ್ಧವಾದರೆ ಒಟ್ಟು ದೂರವು 63 ಮೀಟರ್. ನಡುವಣ 23 ಮೀಟರುಗಳ ಒಳಗೆ ಕಬ್ಬಿನ ಟ್ರೇಲರು ನಿಂತಿರಬಹುದು, ಶಾಲೆಯ ಹುಡುಗನು ದಾಟುತ್ತಿರಬಹುದು. ಇಡೀ ಪರೀಕ್ಷೆಯ ಅರ್ಥವು ಈ 23 ಮೀಟರುಗಳಲ್ಲಿ ಅಡಗಿದೆಯೆಂದರೆ ತಪ್ಪಾಗದು.

ನಮ್ಮ ಸವಾರರಲ್ಲಿ ಅನೇಕರು ಮುಂದಿನ ಬ್ರೇಕಿಗೆ ಅಂಜುತ್ತಾರೆ. ಅದನ್ನು ಹಿಡಿದರೆ ವಾಹನವು ಮಗುಚುತ್ತದೆಂದು ನಂಬಿ, ಕಾಲಿನ ಬ್ರೇಕೊಂದನ್ನೇ ಬಳಸುತ್ತಾರೆ. ವಾಹನವು ನಿಧಾನವಾಗುವಾಗ ಅದರ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಬ್ರೇಕಿನಲ್ಲಿಯೇ ಇದೆ. ಕಾಲಿನ ಬ್ರೇಕೊಂದರಿಂದ ಬಿರುಸಾಗಿ ನಿಲ್ಲಿಸಲು ಹೋದರೆ ಹಿಂದಿನ ಚಕ್ರವು ಕಟ್ಟಿಕೊಂಡು ಜಾರುತ್ತದೆ. ಬಳಸದ ಮುಂದಿನ ಬ್ರೇಕಿನ ಕೇಬಲು ತುಕ್ಕು ಹಿಡಿದು ಗಡುಸಾಗಿ, ಒಂದು ದಿನ ನಿಜವಾಗಿ ಬೇಕಾದಾಗ ಓಗೊಡುವುದಿಲ್ಲ. 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ವಾಹನಗಳಿಗೆ ಚಕ್ರ ಕಟ್ಟದಂತೆ ತಡೆಯುವ ಎ.ಬಿ.ಎಸ್. ಏರ್ಪಾಡೂ, ಅದಕ್ಕೂ ಚಿಕ್ಕವಕ್ಕೆ ಎರಡು ಬ್ರೇಕುಗಳನ್ನು ಜೊತೆಗೂಡಿಸುವ ಏರ್ಪಾಡೂ ಕಡ್ಡಾಯವಾದುವು. ಆದರೆ ಹಳ್ಳಿಯ ದಾರಿಗಳಲ್ಲಿ ಅದಕ್ಕಿಂತ ಹಳೆಯ ವಾಹನಗಳು ಇನ್ನೂ ಬಹಳ. ಹೊಸ ಏರ್ಪಾಡು ಸಹ ಸವೆದ ಬ್ರೇಕ್ ಶೂವನ್ನು ಹೊಸದು ಮಾಡಲಾರದು. ಡ್ರಮ್ಮಿನ ಹೊರಗಿರುವ ಸನ್ನೆಯ ಗುರುತು ಮಿತಿಯನ್ನು ಮುಟ್ಟಿದೆಯೋ, ಡಿಸ್ಕ್ ಬ್ರೇಕಿನ ಎಣ್ಣೆ ಕೆಳಗಿನ ಗೆರೆಗೆ ಇಳಿದಿದೆಯೋ ಎಂದು ನೋಡಲು ಮೇಸ್ತ್ರಿಯೇ ಬೇಕೆಂದಿಲ್ಲ.

ಮೂರನೆಯದು ಟೈರು. ವಾಹನಕ್ಕೂ ಭೂಮಿಗೂ ಇರುವ ಸಂಬಂಧವೆಲ್ಲ ಎರಡು ಅಂಗೈಗಳಷ್ಟು ರಬ್ಬರಿನಲ್ಲಿದೆ. ಬ್ರಿಟನ್ನಿನ ನಿಯಮದಂತೆ 50 ಸಿ.ಸಿ.ಗೆ ಮೇಲ್ಪಟ್ಟ ಮೋಟಾರ್ ಸೈಕಲ್ಲಿನ ಟೈರಿನಲ್ಲಿ, ಅಗಲದ ಮುಕ್ಕಾಲು ಪಾಲಿನಲ್ಲಾದರೂ ಗೆರೆಯ ಆಳವು 1 ಮಿಲಿಮೀಟರ್ ಇರಬೇಕು. ನಮ್ಮಲ್ಲಿ ಮಾರುವ ಟೈರುಗಳ ಗೆರೆಗಳ ತಳದಲ್ಲಿ ಸಣ್ಣ ದಿಂಡುಗಳನ್ನು ಎಬ್ಬಿಸಿರುತ್ತಾರೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ತೀರಿತೆಂದು ತಿಳಿಯಬೇಕು. ಒಣಗಿದ ದಾರಿಯಲ್ಲಿ ನುಣುಪಾದ ಟೈರೂ ಹೇಗೋ ಹಿಡಿದೀತು. ಆದರೆ ಗದ್ದೆಯಿಂದ ಟ್ರ್ಯಾಕ್ಟರಿನ ಚಕ್ರಗಳು ತಂದು ಡಾಂಬರಿನ ಮೇಲೆ ಚೆಲ್ಲಿದ ಎರೆಮಣ್ಣಿನ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಅದು ಬೆಣ್ಣೆ ಸವರಿದಂತಾಗುತ್ತದೆ. ಗೆರೆಗಳಿಲ್ಲದ ಟೈರು ಅಲ್ಲಿ ಏನನ್ನು ಹಿಡಿದೀತು?

ನಾಲ್ಕನೆಯದಾಗಿ ಹ್ಯಾಂಡಲಿನ ಬುಡದ ಬೇರಿಂಗು. ಮೇಸ್ತ್ರಿಗಳು ಇದನ್ನು ಕೋನ್‌ಸೆಟ್ಟು ಎನ್ನುತ್ತಾರೆ. ಗುಂಡಿಬಿದ್ದ ದಾರಿಯಲ್ಲಿ ಪ್ರತಿಯೊಂದು ಪೆಟ್ಟೂ ಇದರ ಗುಂಡುಗಳ ಮೇಲೆ ಬಿದ್ದು, ಅವು ಕೂರುವ ಬಳೆಯಲ್ಲಿ ಸಣ್ಣ ತಗ್ಗುಗಳಾಗುತ್ತವೆ. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದರೆ, ನಡುವೆ ಎಲ್ಲಿಯಾದರೂ ಅದು ತಡೆದು ಕೂತಂತಾದರೆ ಬೇರಿಂಗು ಸವೆದಿದೆ. ಹಾಗೆಯೇ ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ತೇವ ಕಂಡರೆ ಅದರ ಸೀಲು ಹೋಗಿದೆ; ಆ ಎಣ್ಣೆಯು ಬ್ರೇಕಿಗಿಳಿದರೆ ಎರಡು ದೋಷಗಳು ಕೂಡಿದಂತೆ. ಐದನೆಯದು ಸರಪಳಿ. ಧೂಳೂ ಕೆಸರೂ ಸೇರಿ ಅರೆಯುವುದರಿಂದ ಅದು ಬೇಗ ಸಡಿಲವಾಗುತ್ತದೆ. ಅದರ ಸಡಿಲು ಎಷ್ಟಿರಬೇಕೆಂಬುದನ್ನು ತಯಾರಕರು ಕೈಪಿಡಿಯಲ್ಲಿ ಹೇಳಿರುತ್ತಾರೆ. ಚಿಕ್ಕ ವಾಹನಗಳಲ್ಲಿ ಸಾಮಾನ್ಯವಾಗಿ ಅದು 20ರಿಂದ 30 ಮಿಲಿಮೀಟರಿನ ಸುಮಾರು. ಅತಿ ಸಡಿಲವಾದ ಸರಪಳಿ ಹಲ್ಲುಚಕ್ರದಿಂದ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ, ಓಡುತ್ತಿದ್ದ ವಾಹನವು ಇದ್ದಲ್ಲಿಯೇ ಬಿಗಿದು ಬೀಳುತ್ತದೆ.

ಈ ಸೀಮೆಗೆ ವಿಶೇಷವಾದ ಇನ್ನೆರಡು ಕಾರಣಗಳನ್ನು ಹೇಳಬೇಕು. ಒಂದು, ನೆರೆ. 2005, 2019, 2021ರ ವರ್ಷಗಳಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಊರುಗಳೇ ಮುಳುಗಿದುವು. 2019ರ ಆಗಸ್ಟಿನಲ್ಲಿ ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು ಹರಿದು ಸಂಚಾರವು ನಿಂತಿತು. ನೀರಿನಲ್ಲಿ ಮುಳುಗಿದ ಮೋಟಾರ್ ಸೈಕಲ್ಲನ್ನು ಬಿಸಿಲಿಗಿಟ್ಟು ಕಿಕ್ಕರನ್ನು ತುಳಿಯುವುದು ಜನರ ವಾಡಿಕೆ. ಎಂಜಿನ್ನಿನ ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆಯೆಂದೇ ಅರ್ಥ. ಅದನ್ನು ತೆಗೆದು ಹೊಸ ಎಣ್ಣೆ ಹಾಕುವ ಮೊದಲು ಎಂಜಿನ್ನನ್ನು ನಡೆಸಲೇ ಬಾರದು. ಎಂಜಿನ್ನು ನಡೆಯಿತೆಂದು ಸಂತೋಷಪಡುವವರು ಚಕ್ರದ ಬೇರಿಂಗುಗಳ ಗ್ರೀಸು ತೊಳೆದುಹೋಗಿರುವುದನ್ನೂ, ಬ್ರೇಕಿನ ಡ್ರಮ್ಮಿನೊಳಗೆ ಹೂಳು ಕೂತಿರುವುದನ್ನೂ ಮರೆಯುತ್ತಾರೆ.

ಇನ್ನೊಂದು, ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು. ಈ ಸೀಮೆಯ ಕಬ್ಬಿಗೂ ಅದಕ್ಕೂ ಹತ್ತಿರದ ನಂಟಿದೆ, ಏಕೆಂದರೆ ಸಕ್ಕರೆಯ ಕಾರ್ಖಾನೆಗಳೇ ಅದರ ಒಂದು ದೊಡ್ಡ ಮೂಲ. 2022ರಲ್ಲಿ ನೂರಕ್ಕೆ ಹತ್ತು ಪಾಲಿನ ಮಿಶ್ರಣವನ್ನು ಸಾಧಿಸಿದ ದೇಶವು 2025ರಲ್ಲಿ ಇಪ್ಪತ್ತು ಪಾಲನ್ನು ಮುಟ್ಟಿತು. ರೈತನಿಗೆ ಇದರಿಂದ ಲಾಭವುಂಟು. ಆದರೆ ಎಥನಾಲು ತೇವವನ್ನು ಹೀರುವ ಸ್ವಭಾವದ್ದು. ಈ ಮಿಶ್ರಣಕ್ಕೆಂದು ಮಾಡದ ಹಳೆಯ ವಾಹನಗಳ ರಬ್ಬರಿನ ಕೊಳವೆಗಳನ್ನೂ ವಾಷರುಗಳನ್ನೂ ಅದು ಬೇಗ ಹಳತಾಗಿಸಬಹುದು. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಅಂಥ ದ್ವಿಚಕ್ರ ವಾಹನಗಳ ಮೈಲೇಜು ನೂರಕ್ಕೆ ಮೂರು ನಾಲ್ಕು ಪಾಲು ಕುಗ್ಗಬಹುದೆಂದು ಹೇಳಿತ್ತು. ಕಾರ್ಬುರೇಟರಿನ ಹಳೆಯ ವಾಹನವುಳ್ಳವರು ಪೆಟ್ರೋಲಿನ ಕೊಳವೆ ಬಿರಿದಿದೆಯೋ, ಜಿನುಗುತ್ತಿದೆಯೋ ಎಂದು ಆಗಾಗ ನೋಡುವುದು ಮೇಲು.

ಈಗ ಮೊದಲಿನ ಪ್ರಶ್ನೆಗೆ ಬರೋಣ: ಜನರ ಎಚ್ಚರವು ಎಂಜಿನ್ನಿನ ಮೇಲೆಯೇ ಇರುವುದೇಕೆ? ಇದಕ್ಕೆ ಚರಿತ್ರೆಯಲ್ಲಿ ಉತ್ತರವುಂಟು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ವರೆಗೆ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಆ ಕಾಲದ ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು, ಮಸಿಗಟ್ಟಿದ ಪ್ಲಗ್ಗನ್ನು ಬಿಚ್ಚಿ ಒರೆಸಬೇಕು. ಸವಾರನು ಅರ್ಧ ಮೇಸ್ತ್ರಿಯಾಗಿರಲೇಬೇಕಾಗಿತ್ತು. ಪ್ಲಗ್ಗನ್ನು ಬಿಚ್ಚಲು ಬಾಗಿದವನ ಕಣ್ಣಿಗೆ ಸರಪಳಿಯೂ ಬ್ರೇಕಿನ ಕೇಬಲೂ ತಾವಾಗಿ ಬೀಳುತ್ತಿದ್ದುವು. 1985ರಲ್ಲಿ ಹೀರೋ ಹೊಂಡಾದ 100 ಸಿ.ಸಿ. ವಾಹನವು ಬಂದ ಮೇಲೆ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು ಹಬ್ಬಿದುವು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಮಾನದಿಂದಾಗಿ ಹೊಸ ವಾಹನಗಳಲ್ಲಿ ಕಾರ್ಬುರೇಟರೂ ಹೋಯಿತು. ಇಂದಿನ ಎಂಜಿನ್ನು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ. ಅದು ಸಂತೋಷದ ವಿಷಯವೇ. ಆದರೆ ಎಂಜಿನ್ನಿನ ಈ ಗುಣವನ್ನೇ ಇಡೀ ವಾಹನದ ಗುಣವೆಂದು ನಾವು ಭ್ರಮಿಸಿದೆವು. ಟೈರು, ಬ್ರೇಕು, ಬಲ್ಬುಗಳು ಹಿಂದಿನಂತೆಯೇ ಸವೆಯುತ್ತಿವೆ. ಅವನ್ನು ಬಾಗಿ ನೋಡುವ ಅಭ್ಯಾಸ ಮಾತ್ರ ತಪ್ಪಿಹೋಯಿತು.

ಅದರ ಪರಿಣಾಮವು ಅಂಕಿಗಳಲ್ಲಿ ಸ್ವಲ್ಪವಾದರೂ ಕಾಣುತ್ತದೆ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಸುನೀಗಿದರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳ ಸವಾರರು. ಇವೆಲ್ಲವೂ ವಾಹನದ ದೋಷದಿಂದಾದ ಸಾವುಗಳಲ್ಲ; ವೇಗ, ಅಜಾಗರೂಕತೆ, ದಾರಿಯ ದುಸ್ಥಿತಿ, ಶಿರಸ್ತ್ರಾಣವಿಲ್ಲದಿರುವುದು ಇವುಗಳ ಪಾಲು ದೊಡ್ಡದು. ಆದರೆ ಇತರ ಕಾರಣಗಳು ನಮ್ಮೊಬ್ಬರ ಕೈಯಲ್ಲಿಲ್ಲ. ಎದುರಿನಿಂದ ಬರುವವನನ್ನು ನಾವು ತಿದ್ದಲಾರೆವು. ನಮ್ಮ ವಾಹನದ ಬಲ್ಬನ್ನು ನಾವು ಬದಲಾಯಿಸಬಲ್ಲೆವು.

ಪರೀಕ್ಷೆಗೆ ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕಾದರೆ ಅದಕ್ಕೆ ಹೊಸ ಕಾಯಿದೆಯು ಬರುವವರೆಗೆ ಕಾಯಬೇಕಾದುದಿಲ್ಲ. ಮಹಾನವಮಿಯ ದಿನ ಮೈಸೂರಿನಲ್ಲಿ ನಾವು ಆಯುಧಪೂಜೆಯೆಂದು ಮಾಡುವುದನ್ನು ಆ ಕಡೆಯವರು ಖಂಡೇಪೂಜೆಯೆಂದು ಮಾಡುತ್ತಾರೆ. ಆ ದಿನ ನೇಗಿಲಿನಿಂದ ಹಿಡಿದು ಮೋಟಾರ್ ಸೈಕಲ್ಲಿನ ವರೆಗೆ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುವುದು ವಾಡಿಕೆ. ಕಾಲವೂ ಸರಿಯಾಗಿ ಒದಗುತ್ತದೆ: ಮಳೆಗಾಲದ ಕೆಸರು ಆಗಷ್ಟೇ ಮುಗಿದಿರುತ್ತದೆ, ಕಬ್ಬಿನ ಹಂಗಾಮಿನ ಕತ್ತಲೆ ಇನ್ನು ಮುಂದೆ ಬರಬೇಕಾಗಿರುತ್ತದೆ. ಹಾರ ಹಾಕುವ ಮೊದಲು ಅರ್ಧ ಗಂಟೆಯ ಕಾಲ ಮುಂದಿನ ದೀಪ, ಹಿಂದಿನ ದೀಪ, ಬ್ರೇಕಿನ ದೀಪ, ಇಂಡಿಕೇಟರುಗಳು, ಹಾರನ್ನು, ಎರಡು ಬ್ರೇಕುಗಳು, ಎರಡು ಟೈರುಗಳು, ಹ್ಯಾಂಡಲು, ಫೋರ್ಕು, ಸರಪಳಿ, ಪೆಟ್ರೋಲಿನ ಕೊಳವೆ ಇವನ್ನು ಕ್ರಮವಾಗಿ ನೋಡಿ, ಕೆಟ್ಟುದನ್ನು ಬರೆದಿಟ್ಟುಕೊಂಡು ಮರುದಿನವೇ ಮೇಸ್ತ್ರಿಗೆ ತೋರಿಸಿದರೆ ವರ್ಷದ ಪರೀಕ್ಷೆಯು ಮುಗಿಯಿತು. ಇವುಗಳಲ್ಲಿ ಹೆಚ್ಚಿನವುಗಳ ಬೆಲೆಯು ಹಬ್ಬದ ಹೂವು ಹಣ್ಣುಗಳ ಬೆಲೆಗಿಂತ ಬಹಳ ದೊಡ್ಡದಲ್ಲ.

ಬಲ್ಬು ಆರಿದ ದೀಪಕ್ಕೆ ಹಾರ ಹಾಕಿ ಕೈಮುಗಿಯುವುದರಿಂದ ದೇವಿಯು ಪ್ರೀತಳಾಗುವಳೋ ಇಲ್ಲವೋ ಬಲ್ಲವರು ಹೇಳಲಿ. ಆಯುಧವನ್ನು ಪೂಜಿಸುವುದೆಂದರೆ ಅದನ್ನು ಕೆಲಸಕ್ಕೆ ತಕ್ಕಂತೆ ಇಟ್ಟುಕೊಳ್ಳುವುದು ಎಂಬ ಅರ್ಥದಲ್ಲಿಯೇ ಹಿರಿಯರು ಈ ಹಬ್ಬವನ್ನು ಆಚರಿಸಿರಬೇಕು. ಒರೆಯಲ್ಲಿ ತುಕ್ಕು ಹಿಡಿದ ಕತ್ತಿಯನ್ನು ಯಾವ ವೀರನೂ ಪೂಜೆಗಿಡಲಿಲ್ಲ. ನಿಲ್ಲಬೇಕಾದಲ್ಲಿ ನಿಲ್ಲದ ವಾಹನವನ್ನೂ ನಾವು ಇಡಬಾರದು.